ನಾನು ಕಲಿಸಿದ ಅಸಹಕಾರ

ವರ್ಷಕ್ಕೆ ಎರಡೋ ಮೂರೋ ಸಲ ಸಿಂಧನೂರಿನ ಯಾವುದಾದರೂ ಕಾರ್ಯಕ್ರಮಕ್ಕೆ ನನ್ನನ್ನು ಕರೆಯುತ್ತಾರೆ. ಅಕ್ಟೋಬರ್ ತಿಂಗಳಲ್ಲಂತೂ ತಪ್ಪುವುದೇ ಇಲ್ಲ. ಪರಿಚಯ ಮಾಡಿಕೊಡುವವರು ಮೈಕು ಹಿಡಿದು, ಮಸ್ಕಿ ಕಡೆಯ ಒಂದು ಹಳ್ಳಿಯಲ್ಲಿ ಎದ್ದಿದ್ದ ತಕರಾರನ್ನು ಮೂರು ದಿನ ಉಪವಾಸ ಕೂತು, ಒಂದು ಹನಿ ರಕ್ತ ಬೀಳದಂತೆ ಬಗೆಹರಿಸಿದ ಶಿಕ್ಷಕಿ ಇವರು ಎನ್ನುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ನಾನು ಕತ್ತು ಬಗ್ಗಿಸಿ ಶಾಲು ಹೊದಿಸಿಕೊಳ್ಳುತ್ತೇನೆ. ಇಂಥ ಶಾಲುಗಳು ಮನೆಯ ಟ್ರಂಕಿನಲ್ಲಿ ಒಂದರ ಮೇಲೊಂದು ಬಿದ್ದಿವೆ. ಭತ್ತದ ಗದ್ದೆಯ ಬಿಸಿಗಾಳಿಯಲ್ಲಿ ಬೇಯುವ ನಮ್ಮ ಊರಿಗೆ ಶಾಲು ಯಾಕೆ ಬೇಕೋ ಆ ದೇವರೇ ಬಲ್ಲ.

ಭಾಷಣದಲ್ಲಿ ನಾನು ಪರದೇಶದಲ್ಲಿ ಕೂತು ನಮ್ಮ ಸ್ವಾತಂತ್ರ್ಯದ ಬಗ್ಗೆ ಯೋಚಿಸಿದವರ ಕಥೆ ಹೇಳುತ್ತೇನೆ. ಅವರು ಹಿಂಸೆ ಬೇಕೋ ಬೇಡವೋ ಎಂದು ಹೇಗೆ ವಾದ ಮಾಡಿದರು, ಸಹಕಾರ ಹಿಂತೆಗೆದುಕೊಳ್ಳುವ ಯೋಚನೆ ಎಲ್ಲಿಂದ ಎಲ್ಲಿಗೆ ಹರಿದು ಬಂತು ಎಂದು ಹೇಳಿ, ಕೈ ಮುಗಿದು ಇಳಿಯುತ್ತೇನೆ. ಆ ಹಳ್ಳಿಯಲ್ಲಿ ನಿಜವಾಗಿ ಏನಾಯಿತು ಎಂಬುದನ್ನು ಮಾತ್ರ ಒಂದು ಸಲವೂ ಹೇಳಿಲ್ಲ. ಹೇಳಲು ಬಾಯಿ ಬಂದಿಲ್ಲ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾವು ಲಿಂಗಸುಗೂರಿನಲ್ಲಿದ್ದೆವು. ನನ್ನ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು. ಅವರು ಪಾಳಿ ಮುಗಿಸಿ ಬಂದು ಹಾಸಿಗೆ ಹಾಸುವ ಹೊತ್ತಿಗೆ ನಾನು ಬುತ್ತಿ ಕಟ್ಟಿಕೊಂಡು ಮಸ್ಕಿ ಬಸ್ಸಿಗೆ ಓಡುತ್ತಿದ್ದೆ. ಮಸ್ಕಿಯಲ್ಲಿ ಇಳಿದು ಶೇರ್ ಆಟೋ ಹಿಡಿದರೆ ಅರ್ಧ ಗಂಟೆಯಲ್ಲಿ ನಮ್ಮ ಶಾಲೆಯ ಊರು. ಮಸ್ಕಿ ಎಂದ ಕೂಡಲೇ ಬರೆಯುವವರೆಲ್ಲ ಗುಡ್ಡದ ಬಂಡೆಯ ಮೇಲಿನ ಶಾಸನದಿಂದ, ಯುದ್ಧ ಬಿಟ್ಟ ರಾಜನಿಂದ ಶುರು ಮಾಡುತ್ತಾರೆ. ನಾನು ವರ್ಷಗಟ್ಟಲೆ ಆ ಗುಡ್ಡದ ಕಡೆ ಮುಖ ಮಾಡಿ ನಿಂತು ಆಟೋ ಕಾದವಳು. ನನಗೆ ಅಲ್ಲಿ ಸಿಕ್ಕದ್ದು ಧೂಳು ಮತ್ತು ಒಗ್ಗರಣಿ-ಮಿರ್ಚಿ.

ಶಾಲೆಯಲ್ಲಿ ನಾನು ಎಂಟರಿಂದ ಹತ್ತನೇ ತರಗತಿಯವರೆಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಪರದೇಶದಲ್ಲಿದ್ದ ನಮ್ಮವರ ಬಗ್ಗೆ ಪುಸ್ತಕದಲ್ಲಿ ಒಂದೆರಡು ಸಾಲಿಗಿಂತ ಹೆಚ್ಚಿರಲಿಲ್ಲ. ಆ ಹುಚ್ಚನ್ನು ನನಗೆ ಹಚ್ಚಿದವರು ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪಿನ ಒಬ್ಬ ನಿವೃತ್ತ ಮಾಸ್ತರರು. ಬಂಗಾಳದ ಕಡೆಯಿಂದ ನಿರಾಶ್ರಿತರಾಗಿ ಬಂದು ಇಲ್ಲಿ ಭತ್ತ ಬೆಳೆದ ಮನೆತನ ಅವರದು. ಮನೆಯಲ್ಲಿ ಬಂಗಾಳಿ, ಬೀದಿಗೆ ಬಂದರೆ ನಮ್ಮವರಿಗಿಂತ ಗಟ್ಟಿ ಸಿಂಧನೂರು ಕನ್ನಡ. ಒಂದು ತರಬೇತಿಯಲ್ಲಿ ಪರಿಚಯವಾದ ಮೇಲೆ ರಜೆಯ ದಿನ ಅವರ ಮನೆಗೆ ಹೋಗುತ್ತಿದ್ದೆ. ಲಂಡನ್ನಿನಲ್ಲಿ ಭಾರತದ ವಿದ್ಯಾರ್ಥಿಗಳಿಗೆಂದು ಮನೆ ತೆರೆದವರು, ಕೆನಡಾ-ಅಮೆರಿಕಾದಲ್ಲಿ ಪತ್ರಿಕೆ ಹೊರಡಿಸಿದವರು, ದಕ್ಷಿಣ ಆಫ್ರಿಕಾದಲ್ಲಿ ಜೈಲಿಗೆ ಹೋದವರು, ಎಲ್ಲರ ಕಥೆಯನ್ನೂ ತಮ್ಮ ನೆಂಟರ ಕಥೆ ಎಂಬಂತೆ ಹೇಳುತ್ತಿದ್ದರು.

‘ನೋಡ್ರಿ ಟೀಚರ್, ಅವ್ರು ದೂರ ಹೋಗಿದ್ದಕ್ಕಾ ಅವ್ರಿಗೆ ಲೆಕ್ಕ ಕಾಣಿಸ್ತು,’ ಎನ್ನುತ್ತಿದ್ದರು. ‘ಇಷ್ಟು ದೊಡ್ಡ ದೇಶಾನ ಇಷ್ಟಾ ಇಷ್ಟು ಮಂದಿ ಆಳಾಕತ್ಯಾರ. ಹೆಂಗ? ನಮ್ಮ ಕೈಲೇ ಆಳಾಕತ್ಯಾರ. ನಮ್ಮ ಗುಮಾಸ್ತ, ನಮ್ಮ ಸಿಪಾಯಿ, ನಮ್ಮ ಅಡಿಗಿಯಾವ. ಈ ಕೈ ಹಿಂದ ತಗೊಂಡ್ರ ಮುಗೀತು, ಪಿಸ್ತೂಲಾ ಬ್ಯಾಡ.’

ಎಲ್ಲರೂ ಹಾಗೆ ಯೋಚಿಸಲಿಲ್ಲ ಎಂಬುದನ್ನೂ ಅವರು ಮುಚ್ಚಿಡುತ್ತಿರಲಿಲ್ಲ. ಒಂದೇ ಮನೆಯೊಳಗೆ ಒಬ್ಬರು ಸಹಕಾರ ಬಿಡುವ ಮಾತಾಡಿದರೆ ಇನ್ನೊಬ್ಬರು ಬಾಂಬಿನ ಮಾತಾಡುತ್ತಿದ್ದರಂತೆ. ಮೊದಲು ಬೇಡ ಎಂದವರೇ ಆಮೇಲೆ ಪಿಸ್ತೂಲಿನ ಕಡೆ ವಾಲಿದ್ದೂ ಉಂಟಂತೆ. ನನಗೆ ಬೇಕಾಗಿದ್ದು ಮೊದಲನೆಯದು. ಅಷ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಮಕ್ಕಳಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಆಕಳಿಸುತ್ತವೆ. ಅದಕ್ಕೇ ಒಂದು ಆಟ ಕಟ್ಟಿದೆ. ನನ್ನದೇ ತಲೆ, ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ತರಗತಿಯ ನಡುವೆ ನನ್ನ ಕುರ್ಚಿ ಹಾಕಿ ಒಬ್ಬರನ್ನು ‘ಸರ್ಕಾರ’ ಎಂದು ಕೂರಿಸುವುದು. ಸರ್ಕಾರ ನೀರು ತಾ ಎನ್ನುತ್ತದೆ, ಬೀಸಣಿಕೆ ಬೀಸು ಎನ್ನುತ್ತದೆ, ಅಡಿಗೆ ಮಾಡು ಎನ್ನುತ್ತದೆ. ಉಳಿದವರು ಬೈಯಬಾರದು, ಎದ್ದು ಓಡಬಾರದು. ಬಿಸಿಯೂಟದ ತಾಟನ್ನು ತಂದು ತಮ್ಮ ಎದುರಿಗೆ ಬೋರಲು ಹಾಕಿ, ಕೈಕಟ್ಟಿ, ಸುಮ್ಮನೆ ಕೂಡಬೇಕು. ಒಂದಾದ ಮೇಲೆ ಒಂದು ತಾಟು ಟಣ್ಣೆಂದು ಬೋರಲು ಬೀಳುವಾಗ ಇಡೀ ಕೋಣೆ ಗಪ್‌ಚಿಪ್ ಆಗುತ್ತಿತ್ತು. ನನಗೇ ಮೈ ಜುಮ್ಮೆನ್ನುತ್ತಿತ್ತು.

ಕುರ್ಚಿಯ ಮೇಲೆ ಕೂಡಲು ಯಾರೂ ಒಪ್ಪಲಿಲ್ಲ. ಸರ್ಕಾರ ಎಂದರೆ ಕೆಟ್ಟವರು ಎಂದು ನಾನೇ ಹೇಳಿಬಿಟ್ಟಿದ್ದೆನಲ್ಲ. ಕೊನೆಗೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ಬಂದಳು. ನಮ್ಮ ಶಾಲೆಯಲ್ಲಿ ಪಾತ್ರೆ ತೊಳೆಯುವವಳ ಮಗಳು. ಮಾತಿನಲ್ಲಿ ಚುರುಕು, ಅಂಜಿಕೆ ಎಂಬುದಿಲ್ಲ. ಅವಳು ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಆಜ್ಞೆ ಮಾಡಿದ ಠೀವಿಗೆ ಎಲ್ಲರೂ ನಕ್ಕರು. ಆಮೇಲೆ ತಾಟುಗಳು ಬೋರಲಾದವು. ಆ ವರ್ಷ ಆಟ ಆಡಿದಾಗಲೆಲ್ಲ ಅವಳೇ ಸರ್ಕಾರವಾದಳು. ದಲಿತ ಕೇರಿಯ ಹುಡುಗಿಯೊಬ್ಬಳನ್ನು ನಡುವೆ ಕೂರಿಸಿ, ಊರಿನ ಮಕ್ಕಳೆಲ್ಲ ಅವಳ ಎದುರಿಗೆ ತಾಟು ಬೋರಲು ಹಾಕುವುದನ್ನು ವಾರಕ್ಕೊಮ್ಮೆ ರೂಢಿ ಮಾಡಿಸುತ್ತಿದ್ದೇನೆ ಎಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ನಾನು ಓದಿದವಳು ನೋಡಿ.

ಅವಳೇ ಒಂದು ದಿನ ಕೇಳಿದಳು. ‘ಟೀಚರ್, ಆ ಲಂಡನ್ ಮನ್ಯಾಗ ನಮ್ಮವ್ರು ಇದ್ರಲ್ಲ, ಅಲ್ಲಿ ಅಡಿಗಿ ಯಾರು ಮಾಡ್ತಿದ್ರಿ? ಎಲ್ಲಾ ಜಾತ್ಯಾವ್ರೂ ಒಂದಾ ಪಂಕ್ತ್ಯಾಗ ಕುಂತು ಉಣ್ತಿದ್ರೇನ್ರಿ?’

ನನಗೆ ಗೊತ್ತಿರಲಿಲ್ಲ. ನಾನು ಓದಿದ ಯಾವುದರಲ್ಲೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ‘ಅದು ಮುಖ್ಯ ಅಲ್ಲವಾ, ಯೋಚನೆ ಮುಖ್ಯ’ ಎಂದು ಹಾರಿಸಿದೆ. ಅವಳು ‘ಹೂಂನ್ರಿ’ ಎಂದು ಕೂತಳು.

ಅವಳ ತಾಯಿ ಹನ್ನೊಂದು ವರ್ಷ ಆ ಶಾಲೆಯ ಪಾತ್ರೆ ತೊಳೆದಿದ್ದಳು. ಅಡಿಗೆ ಕೋಣೆ ಕಸ ಹೊಡೆಯುವುದು, ಬೇಳೆ ಆರಿಸುವುದು, ಸೌದೆ ಒಡೆಯುವುದು ಎಲ್ಲ ಅವಳದೇ. ಸೌಟು ಮಾತ್ರ ಮುಖ್ಯ ಅಡಿಗೆಯವಳ ಕೈಯಲ್ಲಿ. ಆ ಮುದುಕಿ ಊರಿನ ದೊಡ್ಡ ಜಾತಿಯವಳು. ಅವಳಿಗೆ ವಯಸ್ಸಾಗಿ ಕೆಲಸ ಬಿಟ್ಟಾಗ ಸರದಿಯ ಪ್ರಕಾರ ಸೌಟು ಇವಳಿಗೆ ಬಂತು. ಆದೇಶದ ಕಾಗದ ಬಂದ ದಿನ ಇವಳು ಅದನ್ನು ನನಗೆ ತಂದು ತೋರಿಸಿ ಎರಡು ಸಲ ಓದಿಸಿಕೊಂಡಳು.

‘ಟೀಚರ್, ನನ್ನ ಮಗಳು ಎಲ್ಲಾರ ಜೊತಿ ಕುಂತು ನನ್ನ ಕೈಯಾಗಿನ ಅನ್ನ ಉಣ್ಣದು ನೋಡ್ಬೇಕ್ರಿ. ಅಷ್ಟಾ ನನ್ನ ಆಸಿ,’ ಎಂದಳು. ಅಷ್ಟೇ ಅವಳು ಕೇಳಿದ್ದು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಬಿಸಿಯೂಟ ಬಡಿಸುವ ಮೊದಲು ಒಬ್ಬ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು ಎಂಬುದು ನಿಯಮ. ನಮ್ಮಲ್ಲಿ ಆ ಪಾಳಿ ಹೆಚ್ಚಾಗಿ ನನ್ನದು. ಮುದುಕಿ ಇದ್ದಾಗ ನಾನು ರುಚಿ ನೋಡುವುದಷ್ಟೇ ಅಲ್ಲ, ಮನೆಯಿಂದ ತಂದ ರೊಟ್ಟಿಗೆ ದಿನವೂ ಒಂದು ಬಟ್ಟಲು ಸಾಂಬಾರು ತರಿಸಿಕೊಳ್ಳುತ್ತಿದ್ದೆ. ಸೌಟು ಕೈ ಬದಲಾದ ದಿನ ನಾನು ಪುಸ್ತಕದಲ್ಲಿ ‘ರುಚಿ ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿದೆ, ರುಚಿ ನೋಡಲಿಲ್ಲ. ಅವತ್ತು ಕೆಲಸ ಬಹಳ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಸಾಂಬಾರು ತರಿಸಿಕೊಳ್ಳುವುದನ್ನು ಮರೆತೆ ಎಂದೂ ಹೇಳಿಕೊಂಡೆ. ಮರೆವು ಎಷ್ಟು ಸರಿಯಾದ ದಿನ ನೋಡಿಕೊಂಡು ಬರುತ್ತದೆ!

ಗಂಟೆ ಹೊಡೆಯಿತು. ಮಕ್ಕಳು ಎಂದಿನಂತೆ ವರಾಂಡದಲ್ಲಿ ಸಾಲಾಗಿ ಕೂತರು. ಅವಳು ಹೊಸ ಸೀರೆ ಉಟ್ಟು, ಅನ್ನದ ಬಕೀಟು ಹಿಡಿದು ಬಂದಳು. ಮೊದಲ ಸಾಲಿನ ಮೊದಲ ಹುಡುಗ ತಾಟನ್ನು ಬೋರಲು ಹಾಕಿದ. ಪಕ್ಕದವನು ಹಾಕಿದ. ಆಚೆ ಹುಡುಗಿಯರ ಸಾಲು. ಟಣ್, ಟಣ್, ಟಣ್. ಯಾರೂ ಮಾತಾಡಲಿಲ್ಲ, ಯಾರೂ ಏಳಲಿಲ್ಲ. ಎಲ್ಲರೂ ಕೈಕಟ್ಟಿ ಕೂತರು. ಕೇರಿಯ ಹತ್ತು ಹನ್ನೆರಡು ಮಕ್ಕಳ ತಾಟು ಮಾತ್ರ ನೆಟ್ಟಗಿದ್ದವು, ಅವುಗಳ ನಡುವೆ ಅವಳ ಮಗಳದೂ ಒಂದು. ಬಾಗಿಲಲ್ಲಿ ನಿಂತ ನನಗೆ ನನ್ನ ಕೈಕೆಲಸ ಗುರುತು ಹತ್ತಿತು.

‘ಏನಿದು? ತಾಟು ಸರಿ ಮಾಡ್ರಿ,’ ಎಂದು ಗದರಿಸಿದೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತ. ಪುಂಡನೇನಲ್ಲ, ನನ್ನ ಪಾಠ ಗಮನವಿಟ್ಟು ಕೇಳುವವನೇ. ‘ಟೀಚರ್, ನಾವು ಬೈದಿಲ್ರಿ, ಕಲ್ಲು ಒಗದಿಲ್ರಿ. ನೀವು ಹೇಳಿಕೊಟ್ಟಂಗ ಸುಮ್ನ ಕುಂತೀವ್ರಿ. ಮನ್ಯಾಗ ಉಣ್ಣಬ್ಯಾಡ ಅಂದಾರ್ರಿ,’ ಎಂದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಬಲ್ಲವನ ಹಾಗೆ ಹೇಳಿದ.

ಹೆಡ್‌ಮಾಸ್ತರರು ಕೋಣೆಯಿಂದ ಹೊರಗೆ ಬಂದು ನೋಡಿ, ಒಳಗೆ ಹೋದರು. ಮರುದಿನವೂ ಅದೇ ಆಯಿತು. ಮಧ್ಯಾಹ್ನದ ಮೇಲೆ ಶಾಲೆಯ ಸಮಿತಿಯ ಅಧ್ಯಕ್ಷರು ಬಂದರು. ಊರಿನ ಹಿರಿಯರು, ಮಾತು ಬಲ್ಲವರು, ಎಂದೂ ದನಿ ಏರಿಸುವವರಲ್ಲ. ಮಕ್ಕಳು ಉಣ್ಣದೇ ಹೋದರೆ ಅಡಿಗೆಯವಳನ್ನು ಬದಲಿಸುವುದು ಅವರ ಸಮಿತಿಯ ಕೈಯಲ್ಲಿತ್ತು. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

‘ಮೇಡಮ್ಮಾರ, ಹಿಂಗ ಮಕ್ಕಳ ಮ್ಯಾಲೆ ಸಿಟ್ಟಾದ್ರ ಹೆಂಗ್ರಿ?’ ಎಂದು ಶುರು ಮಾಡಿದರು. ‘ಆಕಿಗೆ ಯಾರರ ಒಂದು ಮಾತು ಅಂದಾರೇನ್ರಿ? ಮೈ ಮುಟ್ಯಾರೇನ್ರಿ? ಹಿಂದಕ್ಕ ಆಗಿದ್ರ ಹೊಡದಾಟ ಆಗ್ತಿತ್ತು, ಕೇಸ್ ಆಗ್ತಿತ್ತು. ಈಗ ಊರು ಸುಧಾರಿಸೇತಿ. ಉಣ್ಣದು ಬಿಡದು ಅವರವರ ಖುಷಿ. ನೀವಾ ಹೇಳ್ರಿ, ಇದರಾಗ ಹಿಂಸಾ ಎಲ್ಲೈತಿ?’

ದೊಡ್ಡವರ ಅಡಿಗೆಯನ್ನು ಚಿಕ್ಕವರು ಬಿಟ್ಟರೆ ಅದು ಬೇರೆ, ಚಿಕ್ಕವರ ಅಡಿಗೆಯನ್ನು ದೊಡ್ಡವರು ಬಿಟ್ಟರೆ ಅದು ಬೇರೆ ಎಂದು ಅವರ ಮುಖಕ್ಕೆ ಹೇಳಬೇಕಿತ್ತು. ಪರದೇಶದಲ್ಲಿ ಕೂತವರು ಲೆಕ್ಕ ಹಾಕಿದ್ದು ನಮ್ಮ ಕೈಯಿಲ್ಲದೆ ಸರ್ಕಾರ ನಡೆಯುವುದಿಲ್ಲ ಎಂದು. ಈ ಹೆಂಗಸಿಲ್ಲದಿದ್ದರೆ ಈ ಊರಿಗೆ ಏನು ನಿಲ್ಲುತ್ತಿತ್ತು? ಏನೂ ಇಲ್ಲ. ಊರು ಕೈ ಹಿಂತೆಗೆದರೆ ಅವಳಿಗೆ ಎಲ್ಲವೂ ನಿಲ್ಲುತ್ತಿತ್ತು. ಒಂದು ಏಟೂ ಇಲ್ಲದೆ ಮನುಷ್ಯರನ್ನು ಮುಗಿಸುವುದನ್ನು ನಮ್ಮ ಹಳ್ಳಿಗಳಿಗೆ ಯಾರೂ ಲಂಡನ್ನಿನಿಂದ ಬಂದು ಕಲಿಸಬೇಕಾಗಿರಲಿಲ್ಲ. ನಾನು ಅದಕ್ಕೆ ಒಂದು ಚಂದದ ಹೆಸರು ಕೊಟ್ಟೆ, ತಾಟು ಬೋರಲು ಹಾಕುವ ಶಿಸ್ತು ಕೊಟ್ಟೆ. ಇದೆಲ್ಲ ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಅವತ್ತು ಅವರಿಗೆ ಚಹಾ ತರಿಸಿ ಕೊಟ್ಟೆ.

ಅವರು ಹೋದ ಮೇಲೆ ಅಡಿಗೆಯವಳು ನನ್ನ ಹತ್ತಿರ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡಳು.

‘ಟೀಚರ್, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನಾಳೆ ಹುಡುಗ್ರ ನಡುವ ಕುಂತು ನೀವು ಒಂದಾ ಒಂದು ತುತ್ತು ಉಣ್ರಿ. ನೀವಂದ್ರ ಅವಕ್ಕ ಭಾಳ ಜೀವ. ನೀವು ಉಂಡ್ರ ನಾಕು ಹುಡುಗ್ರು ತಾಟು ಹೊಳ್ಳಿಸ್ತಾವು, ನಾಕು ಹೊಳ್ಳಿಸಿದ್ರ ಉಳಿದವು ತಾವಾ ಹೊಳ್ಳಿಸ್ತಾವು.’

‘ಆತು ಬೇ,’ ಎಂದೆ. ‘ನಾಳೆ ಏನರ ಮಾಡಾ ಮಾಡ್ತೀನಿ. ನೀ ಧೈರ್ಯ ಬಿಡಬ್ಯಾಡ.’

ಅವಳ ಮುಖ ಅರಳಿತು. ‘ನಾಳೆ ಬದನಿಕಾಯಿ ಹಾಕಿ ಸಾಂಬಾರ್ ಮಾಡ್ತೀನ್ರಿ, ನಿಮಗ ಸೇರ್ತೈತಿ,’ ಎಂದಳು. ಹನ್ನೊಂದು ವರ್ಷ ನನ್ನ ಬಟ್ಟಲು ತೊಳೆದವಳಿಗೆ ನನಗೇನು ಸೇರುತ್ತದೆ ಎಂಬುದು ಗೊತ್ತಿತ್ತು.

ಮಸ್ಕಿಯಿಂದ ಲಿಂಗಸುಗೂರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸಿದೆ. ಆ ಊರಿನಲ್ಲೇ ನನ್ನ ಗಂಡನ ಸೋದರತ್ತೆಯ ಮನೆ ಇತ್ತು. ನಾನು ಅಲ್ಲಿ ಕೂತು ಉಂಡರೆ ಸುದ್ದಿ ನನಗಿಂತ ಮೊದಲು ಲಿಂಗಸುಗೂರು ಮುಟ್ಟುತ್ತಿತ್ತು. ಅದಕ್ಕೆ ಹೆದರಿದೆ ಎಂದು ನನಗೆ ಅನಿಸಲಿಲ್ಲ. ನನಗೆ ಅನಿಸಿದ್ದು ಬೇರೆ. ಒಂದು ತುತ್ತು ಉಣ್ಣುವುದು ಬಹಳ ಸಣ್ಣದಾಯಿತು, ಇದಕ್ಕೆ ಇನ್ನೂ ದೊಡ್ಡದೇನಾದರೂ ಬೇಕು ಎಂದು ಅನಿಸಿತು. ಇಷ್ಟು ವರ್ಷ ಓದಿದ್ದು, ಕಲಿಸಿದ್ದು ಎಲ್ಲ ತಲೆಗೇರಿತ್ತು. ಕವಿತಾಳಕ್ಕೆ ಹೋಗುವ ಬಸ್ಸೊಂದು ಎದುರಿಗೆ ಬಂದು ಎರಡೂ ಬಸ್ಸು ನಿಂತಿದ್ದಾಗ, ಥಟ್ಟನೆ ಹೊಳೆಯಿತು: ಉಪವಾಸ! ಮಕ್ಕಳು ಉಣ್ಣುವ ತನಕ ನಾನೂ ಉಣ್ಣುವುದಿಲ್ಲ. ಕಣ್ಣಲ್ಲಿ ನೀರು ಬಂತು. ನನ್ನ ದೊಡ್ಡತನಕ್ಕೆ ನಾನೇ ಕರಗಿಹೋದೆ.

ಮರುದಿನ ಬುತ್ತಿ ಕಟ್ಟಲಿಲ್ಲ. ಶಾಲೆಯ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಕೂತೆ. ಹೆಡ್‌ಮಾಸ್ತರರು ಕೈ ಹಿಸುಕಿಕೊಂಡರು. ‘ಮೇಡಂ, ಯಾಕ ಮಾಮ್ಲಾ ಬೆಳಸ್ತೀರಿ?’ ಎಂದರು. ಒಂದು ಹುಡುಗಿ ರಟ್ಟಿನ ಮೇಲೆ ‘ಉಪವಾಸ ಸತ್ಯಾಗ್ರಹ’ ಎಂದು ಬಣ್ಣದಲ್ಲಿ ಬರೆದು ಗಿಡಕ್ಕೆ ಕಟ್ಟಿದಳು. ಅಕ್ಷರ ಚಂದ ಇತ್ತು.

ಊಟದ ಗಂಟೆ ಹೊಡೆಯಿತು. ತಾಟುಗಳು ಬೋರಲು ಬಿದ್ದ ಸದ್ದು ನನಗೆ ಗಿಡದ ಕೆಳಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳು ಒಂದು ತಾಟಿನಲ್ಲಿ ಅನ್ನ, ಬದನೆಕಾಯಿ ಸಾಂಬಾರು ಬಡಿಸಿಕೊಂಡು, ಮೇಲೆ ಇನ್ನೊಂದು ತಾಟು ಮುಚ್ಚಿಕೊಂಡು ನನ್ನ ಕಡೆ ಬಂದಳು. ಮಕ್ಕಳೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದರು. ಅವಳು ತಾಟನ್ನು ನನ್ನ ಮುಂದೆ ಹಿಡಿದಳು. ನಾನು ನಕ್ಕು ಕೈ ಮುಗಿದೆ.

‘ಇಲ್ಲ ಬೇ. ನಾ ಇವತ್ತಿಂದ ಉಪವಾಸ. ನಿನ್ನ ಸಲುವಾಗಿನಾ ಕುಂತೀನಿ.’

ಅವಳು ತಾಟು ಹಿಡಿದುಕೊಂಡು ನಿಂತೇ ಇದ್ದಳು. ನನ್ನ ಮಾತು ತಿಳಿಯಲಿಲ್ಲವೇನೋ ಎಂದುಕೊಂಡು ಮತ್ತೊಮ್ಮೆ ಬಿಡಿಸಿ ಹೇಳಿದೆ. ಅವಳು ಹಿಂದಕ್ಕೆ ತಿರುಗಿ, ಅಷ್ಟೂ ಮಕ್ಕಳ ಎದುರಿಗೆ ವರಾಂಡ ದಾಟಿ, ತಾಟನ್ನು ಒಳಗೆ ಒಯ್ದಳು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದೆ. ಪಾಳಿಗೆ ಹೊರಟಿದ್ದವರು ಬೂಟಿನ ಲೇಸು ಕಟ್ಟುತ್ತ, ‘ಸಾಲ್ಯಾಗ ಉಪವಾಸ ಇದ್ದಿ, ಸರಿ. ಮನ್ಯಾಗ ಯಾರು ನೋಡಾಕ ಬರ್ತಾರ? ಒಂದು ರೊಟ್ಟಿ ತಿನ್ನು,’ ಎಂದರು. ನನಗೆ ಉರಿದುಹೋಯಿತು. ನನ್ನನ್ನು ಏನೆಂದು ತಿಳಿದಿದ್ದೀರಿ ಎಂದು ಜಗಳ ಮಾಡಿ, ನೀರು ಕುಡಿದು ಮಲಗಿದೆ. ಉಪವಾಸದಲ್ಲಿ ಮೋಸ ಮಾಡಲಿಲ್ಲ, ಅದನ್ನಾದರೂ ಹೇಳಿಕೊಳ್ಳುತ್ತೇನೆ. ಕ್ಯಾಂಪಿನ ಮಾಸ್ತರರಿಗೆ ಫೋನ್ ಮಾಡಿದರೆ ಅವರು, ‘ಶಾಭಾಷ್ ಟೀಚರ್, ನಿಮ್ಮಂಥಾವ್ರು ಇದ್ರ ದೇಶ ಉಳೀತೈತಿ,’ ಎಂದರು. ಅಷ್ಟು ಓದಿದ ಮನುಷ್ಯನಿಗೂ ಉಪವಾಸ ಎಂಬ ಮಾತು ಕೇಳಿದ ಮೇಲೆ ಇನ್ನೇನೂ ಕೇಳಬೇಕೆನಿಸಲಿಲ್ಲ.

ಎರಡನೆಯ ದಿನ ಮಸ್ಕಿಯಿಂದ ಪತ್ರಿಕೆಯವರೊಬ್ಬರು ಬಂದು ಫೋಟೋ ತೆಗೆದರು. ಮಕ್ಕಳು ನನ್ನ ಸುತ್ತ ಕೂತು ಅತ್ತವು. ‘ಟೀಚರ್, ನೀವು ಉಣ್ರಿ’ ಎಂದವು. ‘ನೀವು ಉಂಡ್ರ ನಾ ಉಣ್ತೀನಿ’ ಎಂದೆ. ಅವು ಮನೆಗೆ ಹೋಗಿ ತಾಯಂದಿರ ಮುಂದೆ ಅತ್ತವು. ತಾಯಂದಿರ ಕರುಳು ಚುರ್ರೆಂದಿತು. ಅಷ್ಟರ ಮಟ್ಟಿಗೆ ಎಲ್ಲ ನಾನು ಎಣಿಸಿದಂತೆಯೇ ನಡೆಯಿತು. ಊರಿನ ಮನಸ್ಸು ಕರಗಿತು. ಕರಗಿದ್ದು ನನಗಾಗಿ, ಅವಳಿಗಾಗಿ ಅಲ್ಲ.

ಎರಡನೆಯ ದಿನ ಸಂಜೆ ಊರಿನ ಹೆಂಗಸರು ಏಳೆಂಟು ಜನ ಸೇರಿ ಕೇರಿಗೆ ಹೋದರಂತೆ. ಎಂದೂ ಆ ಕಡೆ ಕಾಲಿಡದವರು. ಅವಳ ಮನೆಯ ಮುಂದೆ ನಿಂತು, ಬೈಯದೆ, ದನಿ ಏರಿಸದೆ, ‘ನೋಡವಾ, ಆ ಟೀಚರಮ್ಮ ನಿನ್ನ ಸಲುವಾಗಿ ಜೀವ ಬಿಡಾಕತ್ಯಾಳ. ಆಕಿಗೂ ಮಕ್ಕಳು ಮರಿ ಅದಾವು. ಏನರ ಆತಂದ್ರ ಪಾಪ ಯಾರಿಗೆ ಹತ್ತತೈತಿ? ನೀನಾ ಸೌಟು ಬಿಟ್ಟುಬಿಡು, ಎಲ್ಲಾರೂ ಉಣ್ತಾರ,’ ಎಂದರಂತೆ. ಆಮೇಲೆ ಅಧ್ಯಕ್ಷರೂ ಬಂದು ಅದನ್ನೇ ಹೇಳಿದರಂತೆ. ಇದನ್ನು ನನಗೆ ಹೇಳಿದವರು ಹೆಡ್‌ಮಾಸ್ತರರು, ಎಲ್ಲ ಮುಗಿದ ಮೇಲೆ. ನಾನು ಊರಿನ ಎದೆಗೆ ಹಿಡಿದಿದ್ದೇನೆ ಎಂದುಕೊಂಡಿದ್ದ ಉಪವಾಸವನ್ನು ಊರಿನವರು ಎತ್ತಿಕೊಂಡು ಹೋಗಿ ಅವಳ ಕುತ್ತಿಗೆಗೆ ಹಿಡಿದಿದ್ದರು.

ಮೂರನೆಯ ದಿನ ಮಧ್ಯಾಹ್ನ ಬಿಸಿಲಿಗೆ ನನ್ನ ಕಣ್ಣು ಕತ್ತಲೆ ಬರುತ್ತಿತ್ತು. ಊಟದ ಗಂಟೆ ಹೊಡೆಯಲು ಸ್ವಲ್ಪ ಹೊತ್ತಿರುವಾಗ ಅಧ್ಯಕ್ಷರು ಹತ್ತಿಪ್ಪತ್ತು ಜನರ ಜೊತೆ ಬಂದರು. ಅವರ ಸೊಸೆಯ ಕೈಯಲ್ಲಿ ಒಂದು ಸ್ಟೀಲಿನ ತಂಬಿಗೆ ಇತ್ತು, ನಿಂಬೆಹಣ್ಣಿನ ಶರಬತ್ತು. ಫೋಟೋದವರೂ ಇದ್ದರು.

‘ಮೇಡಮ್ಮಾರ, ನಿಮ್ಮ ತಪಸ್ಸು ಗೆದ್ದೇತಿ,’ ಎಂದರು ಅಧ್ಯಕ್ಷರು. ಒಂದು ಕಾಗದ ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು. ‘ನನಗೆ ಆರೋಗ್ಯ ಸರಿ ಇಲ್ಲದ ಕಾರಣ ಮುಖ್ಯ ಅಡಿಗೆಯ ಕೆಲಸವನ್ನು ನನ್ನ ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ, ಮೊದಲಿನಂತೆ ಪಾತ್ರೆ ತೊಳೆಯುವ ಕೆಲಸದಲ್ಲಿ ಮುಂದುವರಿಸಬೇಕು’ ಎಂದು ಅದರಲ್ಲಿತ್ತು. ಕೆಳಗೆ ಅವಳ ಸಹಿ. ಮಗಳಿಂದ ಕಲಿತ ಸಹಿ, ಅಕ್ಷರ ಒಂದೊಂದೂ ಒಂದೊಂದು ಕಡೆ ನಿಂತಿತ್ತು.

ನನಗೆ ತಿಳಿಯಲಿಲ್ಲ ಎಂದು ಹೇಳಲಾರೆ. ಓದಿ ಮುಗಿಸುವ ಮೊದಲೇ ಎಲ್ಲ ತಿಳಿಯಿತು. ತಂಬಿಗೆಯನ್ನು ನೂಕಿ, ಇದನ್ನು ಹರಿದು ಹಾಕಿ ಬನ್ನಿ ಎನ್ನಬಹುದಿತ್ತು. ಎದ್ದು ಅಡಿಗೆ ಕೋಣೆಗೆ ನಡೆದು ಅವಳ ಕೈಯಿಂದ ಒಂದು ತುತ್ತು ಇಸಿದುಕೊಂಡು ಉಪವಾಸ ಬಿಡಬಹುದಿತ್ತು. ಅಷ್ಟಕ್ಕೆ ಕಾಲಲ್ಲಿ ತ್ರಾಣ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅಧ್ಯಕ್ಷರ ಸೊಸೆ ಗ್ಲಾಸನ್ನು ನನ್ನ ತುಟಿಗೆ ಹಿಡಿದಳು. ಕುಡಿದೆ. ಚಪ್ಪಾಳೆ ಬಿತ್ತು. ಶರಬತ್ತು ತಣ್ಣಗೆ, ಸಿಹಿಯಾಗಿ, ಬಹಳ ಚೆನ್ನಾಗಿತ್ತು. ಎರಡನೆಯ ಗ್ಲಾಸನ್ನೂ ಕುಡಿದೆ.

ಜನ ಚದುರಿ, ಕೇರಿಯ ಮಕ್ಕಳ ಊಟ ಮುಗಿದ ಮೇಲೆ ಅಡಿಗೆ ಕೋಣೆಯ ಹಿಂದೆ ಹೋದೆ. ಅಲ್ಲಿ ನಳದ ಹತ್ತಿರ ಅವಳು ಕುಕ್ಕರಗಾಲಿನಲ್ಲಿ ಕೂತು ಸಾಂಬಾರಿನ ಪಾತ್ರೆ ತಿಕ್ಕುತ್ತಿದ್ದಳು. ಅವತ್ತಿನ ಅಡಿಗೆಯೂ ಅವಳೇ ಮಾಡಿದ್ದಳು. ಕಾಗದಕ್ಕೆ ಸಹಿ ಹಾಕಿದ ಮೇಲೂ ಕೇರಿಯ ಮಕ್ಕಳು ಉಣ್ಣಬೇಕಲ್ಲ ಎಂದು ಮಾಡಿದ್ದಳಂತೆ. ಅನ್ನದ ದೊಡ್ಡ ಪಾತ್ರೆ ಪಕ್ಕದಲ್ಲಿತ್ತು, ಮುಕ್ಕಾಲು ತುಂಬಿತ್ತು. ನಾನು ಅವಳ ಹೆಸರು ಹಿಡಿದು ಕರೆದೆ. ‘ನೀ ಯಾಕ ಸಹಿ ಹಾಕಿದಿ ಬೇ? ನಾ ಕುಂತಿದ್ನಲ್ಲ,’ ಎಂದುಬಿಟ್ಟೆ.

ಅವಳು ತಿಕ್ಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

‘ಐದು ದಿವಸ ಅನ್ನ ಮಾಡಿಟ್ಟು ಕಾದೀನ್ರಿ ಟೀಚರ್. ಅವ್ರು ಉಣ್ಣಲಿಲ್ಲ. ನೀವೂ ಉಣ್ಣಲಿಲ್ಲ. ನನಗೇನು ಫರಕ್ ಆತು, ನೀವಾ ಹೇಳ್ರಿ.’

ಆ ಮಾತು ಕೇಳುವವರೆಗೆ ನನಗೆ ಅದು ಕಂಡಿರಲಿಲ್ಲ. ನಾಚಿಕೆ ಎಂಬುದು ಕಾಲಿನಿಂದ ಏರುತ್ತದೆ ಎಂದು ಅವತ್ತು ಗೊತ್ತಾಯಿತು. ಅವಳ ಕೈಯಡಿಗೆ ಉಣ್ಣದಿರಲು ಆ ಊರಿನಲ್ಲಿ ಎಲ್ಲರಿಗಿಂತ ಮರ್ಯಾದೆಯ ದಾರಿ ಹುಡುಕಿಕೊಂಡವಳು ನಾನು. ನನಗೆ ಮೂರು ದಿನ ಹಸಿದಿರುವುದು ಒಂದು ತುತ್ತು ನುಂಗುವುದಕ್ಕಿಂತ ಸುಲಭವಾಗಿತ್ತು.

ಕೆಳಗೆ ಕೂತು ಅನ್ನದ ಪಾತ್ರೆಗೆ ಕೈ ಚಾಚಿದೆ. ಅವಳು ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

‘ಈಗ ಬ್ಯಾಡ್ರಿ. ಈಗ ನೀವು ಉಂಡ್ರೂ ಸೌಟು ನನ್ನ ಕೈಗೆ ಬರಂಗಿಲ್ಲ,’ ಎಂದಳು.

ಆಮೇಲೆ ಎದ್ದು, ಅಷ್ಟೂ ಅನ್ನವನ್ನು ಎಮ್ಮೆಗೆಂದು ಇಟ್ಟಿದ್ದ ಬಕೀಟಿಗೆ ಸುರಿದಳು.